ಗಾಜು, ವಿಕಿರಣ ಮತ್ತು ಕಾಲ: ಅಣುತ್ಯಾಜ್ಯವನ್ನು ಹಿಡಿದಿಡುವ ಗಾಜಿನ ರಚನೆಯನ್ನು ಕುರಿತ ತಿಳಿವಳಿಕೆಯ ಇತಿಹಾಸ

೧

೨೦೧೨ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಕೋಲಾರದ ಚಿನ್ನದ ಗಣಿಗಳ ಪ್ರದೇಶದಲ್ಲಿ ಜನರು ಅಂಗಡಿಗಳನ್ನು ಮುಚ್ಚಿ ಬೀದಿಗಿಳಿದರು. ಕೂಡಂಕುಳದ ಅಣುವಿದ್ಯುತ್ ಸ್ಥಾವರವನ್ನು ಕುರಿತು ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದ ವಿಚಾರಣೆಯ ಸಂದರ್ಭದಲ್ಲಿ, ಅಣುತ್ಯಾಜ್ಯವನ್ನು ಕೋಲಾರದ ಪಾಳುಗಣಿಗಳಲ್ಲಿ ಹೂಳುವರೆಂಬ ವಾರ್ತೆ ಹಬ್ಬಿದ್ದೇ ಇದಕ್ಕೆ ಕಾರಣ. ಅಂಥ ಯೋಜನೆ ಯಾವುದೂ ಇಲ್ಲವೆಂದು ಕೇಂದ್ರ ಸರಕಾರವು ಸ್ಪಷ್ಟಪಡಿಸಿದ ಮೇಲೆ ಚಳವಳಿಯು ಶಾಂತವಾಯಿತು.

ಜನರ ಶಂಕೆಗೆ ಹಿನ್ನೆಲೆ ಇಲ್ಲದಿರಲಿಲ್ಲ. ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಲ್ಪಟ್ಟ ಈ ಗಣಿಗಳಲ್ಲಿ, ಅವು ಇನ್ನೂ ನಡೆಯುತ್ತಿದ್ದ ಕಾಲದಲ್ಲಿಯೇ, ಸುಮಾರು ೧೦೦೦ ಮೀಟರ್ ಆಳದ ಕೈಬಿಟ್ಟ ಭಾಗವೊಂದರಲ್ಲಿ ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಪ್ರಯೋಗವೊಂದನ್ನು ನಡೆಸಿದ್ದರು. ತ್ಯಾಜ್ಯದಿಂದ ಹೊರಡುವ ಶಾಖವನ್ನು ಬಂಡೆಯು ಹೇಗೆ ತಾಳಿಕೊಳ್ಳುತ್ತದೆಂಬುದನ್ನು ವಿದ್ಯುತ್ ಶಾಖಕಗಳ ಮೂಲಕ ಅಳೆದು ನೋಡುವುದು ಅದರ ಗುರಿಯಾಗಿತ್ತು. ಅಲ್ಲಿ ಪರೀಕ್ಷೆಗೊಳಗಾದುದು ಬಂಡೆಯೇ ಹೊರತು ತ್ಯಾಜ್ಯವಲ್ಲ. ಆದರೆ ಬಂಡೆಯ ಮಡಿಲಿಗೆ ಮುಂದೆಂದಾದರೂ ಸೇರಬೇಕಾದ ವಸ್ತು ಯಾವುದು, ತನ್ನೊಳಗೇ ಹುದುಗಿರುವ ವಿಕಿರಣವನ್ನು ಸಹಿಸುತ್ತ ಅದು ಸಾವಿರಾರು ವರ್ಷ ಹಾಗೆಯೇ ಉಳಿಯಬಲ್ಲುದೆ ಎಂಬ ಪ್ರಶ್ನೆ ಕೋಲಾರದ ಬೀದಿಗಳಲ್ಲಿ ಎದ್ದುದು ನ್ಯಾಯವಾಗಿಯೇ ಇತ್ತು. ಆ ವಸ್ತು ಗಾಜು. ವಿಕಿರಣವು ಗಾಜಿನ ಒಳರಚನೆಯನ್ನು ಹೇಗೆ ಮಾರ್ಪಡಿಸುತ್ತದೆ, ಅದನ್ನು ಮನುಷ್ಯನು ಹೇಗೆ ಅರಿತುಕೊಂಡನು, ಆ ಅರಿವಿನ ಆಧಾರಗಳು ಎಷ್ಟು ದೃಢವಾದುವು ಎಂಬುದನ್ನು ಚಾರಿತ್ರಿಕ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ವಿಕಿರಣವು ಗಾಜನ್ನು ಮಾರ್ಪಡಿಸುತ್ತದೆಂಬ ಸಂಗತಿ ವಿಕಿರಣಶಾಸ್ತ್ರದಷ್ಟೇ ಹಳೆಯದು. ೧೮೯೯ರಲ್ಲಿ ಪಿಯರ್ ಮತ್ತು ಮೇರಿ ಕ್ಯೂರಿ ದಂಪತಿಗಳು, ರೇಡಿಯಂ ಇರಿಸಿದ್ದ ಗಾಜಿನ ಪಾತ್ರೆಗಳು ಕ್ರಮೇಣ ನೇರಳೆ ಬಣ್ಣಕ್ಕೆ ತಿರುಗುವುದನ್ನು ಕಂಡು ಪ್ರಕಟಿಸಿದರು. ಗಾಜಿನಲ್ಲಿ ಅಲ್ಪ ಪ್ರಮಾಣದಲ್ಲಿರುವ ಮ್ಯಾಂಗನೀಸ್ ಮುಂತಾದ ಧಾತುಗಳ ಎಲೆಕ್ಟ್ರಾನುಗಳನ್ನು ಕಿರಣಗಳು ಸ್ಥಾನಪಲ್ಲಟಗೊಳಿಸುವುದರಿಂದ ಈ ಬಣ್ಣ ಹುಟ್ಟುತ್ತದೆಂದು ಆಮೇಲೆ ತಿಳಿದುಬಂತು. ಗಾಜನ್ನು ಕಾಯಿಸಿದರೆ ಬಣ್ಣ ಮಾಯವಾಗುತ್ತದೆ. ಹೀಗಾಗಿ ಬಹುಕಾಲ ಈ ಮಾರ್ಪಾಟು ಕೇವಲ ವರ್ಣವಿಕಾರವೆಂದೇ ಎಣಿಸಲ್ಪಟ್ಟಿತು. ಗಾಜಿನ ರಚನೆಯೇ ಮಾರ್ಪಡುತ್ತದೆಯೆ ಎಂದು ಕೇಳಬೇಕಾದರೆ, ಗಾಜಿಗೆ ರಚನೆಯೆಂಬುದೊಂದು ಉಂಟೆಂಬುದು ಮೊದಲು ಸಿದ್ಧವಾಗಬೇಕಾಗಿತ್ತು.

ಈ ದಿಕ್ಕಿನಲ್ಲಿ ನಡೆದ ಆರಂಭದ ಕೆಲಸಗಳಲ್ಲಿ ಚಂದ್ರಶೇಖರ ವೆಂಕಟರಾಮನ್ನರ ಪಾಲು ಗಣ್ಯವಾದುದು. ಅಮೂರ್ತ ಘನಗಳಲ್ಲಿ, ಎಂದರೆ ಸ್ಫಟಿಕರೂಪವಿಲ್ಲದ ಘನವಸ್ತುಗಳಲ್ಲಿ, ಬೆಳಕು ಚದರುವ ಬಗೆಯನ್ನು ಕುರಿತು ಅವರು ೧೯೨೭ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿ, ಗಾಜಿನೊಳಗೆ ಬೆಳಕು ಚದರುವುದಕ್ಕೆ ಅಣುಗಳ ಜೋಡಣೆಯಲ್ಲಿನ ಅಕ್ರಮವೇ ಕಾರಣವೆಂಬುದರ ಕಡೆಗೆ ಗಮನ ಸೆಳೆದರು. ಮರುವರ್ಷ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಅವರ ಹೆಸರಿನ ಪರಿಣಾಮ ಕಾಣಿಸಿಕೊಂಡಿತು. ಮಾರ್ಚ್ ೧೬ರಂದು ಬೆಂಗಳೂರಿನಲ್ಲಿ ಮಾಡಿದ ಭಾಷಣದಲ್ಲಿ ಅವರು ಈ 'ಹೊಸ ವಿಕಿರಣ'ವನ್ನು ವಿದ್ವಾಂಸರ ಮುಂದೆ ವಿಸ್ತಾರವಾಗಿ ವಿವರಿಸಿದರು. ೧೯೩೩ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ರಾಮನ್ನರು ೧೯೭೦ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನವರಾಗಿಯೇ ಬಾಳಿದರು. ವಸ್ತುವಿನಿಂದ ಚದರಿದ ಬೆಳಕಿನ ರೋಹಿತವನ್ನು ನೋಡಿ, ಅದರ ಪರಮಾಣುಗಳು ಹೇಗೆ ಕೂಡಿಕೊಂಡಿವೆಯೆಂದು ಹೇಳಬಹುದಾದ ಈ ವಿಧಾನ, ಅಣುತ್ಯಾಜ್ಯದ ಗಾಜನ್ನು ಪರೀಕ್ಷಿಸುವವರ ಕೈಯಲ್ಲಿ ಮುಖ್ಯ ಸಾಧನಗಳಲ್ಲೊಂದಾಗಿದೆ.

೧೯೩೨ರಲ್ಲಿ ಜಕರಾಯಸನ್ ಎಂಬ ವಿಜ್ಞಾನಿಯು ಗಾಜಿನ ರಚನೆಯನ್ನು ಕುರಿತು ತನ್ನ ಸಿದ್ಧಾಂತವನ್ನು ಮುಂದಿಟ್ಟನು. ಸಿಲಿಕಾನಿನ ಪ್ರತಿ ಪರಮಾಣುವೂ ನಾಲ್ಕು ಆಮ್ಲಜನಕ ಪರಮಾಣುಗಳ ನಡುವೆ ಕುಳಿತಿರುತ್ತದೆ. ಈ ಚಿಕ್ಕ ಘಟಕಗಳು ಮೂಲೆಗೆ ಮೂಲೆ ಸೇರಿಕೊಂಡು ಜಾಲವಾಗುತ್ತವೆ. ಸ್ಫಟಿಕದಲ್ಲಿಯೂ ಗಾಜಿನಲ್ಲಿಯೂ ಘಟಕವು ಒಂದೇ. ಆದರೆ ಸ್ಫಟಿಕದ ಜಾಲವು ಕೆತ್ತಿದ ಕಲ್ಲಿನ ಗೋಡೆಯಂತೆ ಸಾಲುತಪ್ಪದೆ ಮುಂದುವರಿಯುತ್ತದೆ. ಗಾಜಿನ ಜಾಲವು ಕಾಡುಗಲ್ಲಿನ ಗೋಡೆಯಂತೆ, ಗಟ್ಟಿಯಾಗಿದ್ದರೂ ಸಾಲಿಲ್ಲದ್ದು. ಸೋಡಿಯಂ, ಬೇರಿಯಂ ಮೊದಲಾದ ದೊಡ್ಡ ಪರಮಾಣುಗಳು ಈ ಗೋಡೆಯ ಸಂದುಗಳಲ್ಲಿ ನೆಲಸುತ್ತವೆ. ಬೋರಾನನ್ನು ಸೇರಿಸಿದಾಗ ಅದು ಕೆಲವೆಡೆ ಮೂರು, ಕೆಲವೆಡೆ ನಾಲ್ಕು ಆಮ್ಲಜನಕಗಳೊಡನೆ ಬೆಸೆದುಕೊಂಡು ಜಾಲದ ಅಂಗವಾಗುತ್ತದೆ. ಮುಂದಿನ ವಿಚಾರಕ್ಕೆ ಈ ಮೂರು-ನಾಲ್ಕುಗಳ ಭೇದವು ಮುಖ್ಯವಾದುದು. ಈ ರಚನಾವಿಚಾರವು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಮುಂದೆಯೂ ಬೆಳೆಯಿತು, ಅಲ್ಲಿಯ ಕೆ. ಜೆ. ರಾವ್ ಅವರು ಗಾಜುಗಳ ರಚನಾರಸಾಯನವನ್ನು ಕುರಿತು ಬರೆದ ಗ್ರಂಥವು ೨೦೦೨ರಲ್ಲಿ ಪ್ರಕಟವಾಯಿತು.

೩

ಅಣುತ್ಯಾಜ್ಯವನ್ನು ಗಾಜಿನಲ್ಲಿ ಬಂಧಿಸುವ ಆಲೋಚನೆ ೧೯೫೦ರ ದಶಕದ್ದು. ಅಣುಸ್ಥಾವರದಲ್ಲಿ ಉರಿದ ಇಂಧನದಿಂದ ಪ್ಲುಟೋನಿಯಮ್ಮನ್ನು ಬೇರ್ಪಡಿಸಿದ ಮೇಲೆ, ತೀವ್ರ ವಿಕಿರಣವುಳ್ಳ ಆಮ್ಲದ್ರವವೊಂದು ಉಳಿಯುತ್ತದೆ. ಅದರಲ್ಲಿ ಹತ್ತಾರು ಧಾತುಗಳು ಬೆರೆತಿರುತ್ತವೆ. ಒಂದೊಂದು ಸ್ಫಟಿಕವೂ ತನಗೆ ಒಗ್ಗುವ ಕೆಲವು ಧಾತುಗಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಸಾಲಿಲ್ಲದ ಗಾಜಾದರೋ ಅವುಗಳಲ್ಲಿ ಹೆಚ್ಚಿನವಕ್ಕೆ ತನ್ನ ಸಂದುಗಳಲ್ಲಿ ಎಡೆ ಕೊಡುತ್ತದೆ. ಗಾಜನ್ನು ಆರಿಸಿಕೊಂಡುದಕ್ಕೆ ಇದೇ ಮೊದಲ ಕಾರಣ.

ಕೆನಡಾ ದೇಶದ ಚಾಕ್ ರಿವರ್ ಕೇಂದ್ರದವರು ೧೯೫೮ರಲ್ಲಿ ಒಮ್ಮೆ, ೧೯೬೦ರಲ್ಲಿ ಮತ್ತೊಮ್ಮೆ, ತ್ಯಾಜ್ಯವನ್ನು ಕರಗಿಸಿ ಸೇರಿಸಿದ ಗಾಜಿನ ಗಟ್ಟಿಗಳನ್ನು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ, ಯಾವ ಹೊದಿಕೆಯೂ ಇಲ್ಲದೆ ಹೂತು, ಸುತ್ತಲಿನ ನೀರನ್ನು ವರ್ಷಾನುವರ್ಷ ಪರೀಕ್ಷಿಸುತ್ತ ಬಂದರು. ಹೊರಸೂಸಿದ ವಿಕಿರಣ ಅತ್ಯಲ್ಪವೆಂದು ಕಂಡುಬಂತು. ಕಾರ್ಖಾನೆಯ ಪ್ರಮಾಣದಲ್ಲಿ ಈ ಕೆಲಸವನ್ನು ಮೊದಲು ಕೈಗೊಂಡುದು ಫ್ರಾನ್ಸಿನ ಮಾರ್ಕೂಲ್, ಇಸವಿ ೧೯೭೮.

ಭಾರತದಲ್ಲಿ ೧೯೬೪ರಲ್ಲಿ ಟ್ರಾಂಬೆಯ ಪ್ಲುಟೋನಿಯಂ ಸ್ಥಾವರ ಸಿದ್ಧವಾದಂದಿನಿಂದಲೇ ಈ ತ್ಯಾಜ್ಯದ ಸಮಸ್ಯೆ ಹುಟ್ಟಿತೆನ್ನಬಹುದು. ೧೯೮೫ರಲ್ಲಿ ತಾರಾಪುರದಲ್ಲಿ ದೇಶದ ಮೊದಲನೆಯ ಗಾಜೀಕರಣ ಸ್ಥಾವರ ಕೆಲಸ ಆರಂಭಿಸಿತು. ಆಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು. ಎರಡನೆಯದು ೨೦೦೨ರಲ್ಲಿ ಟ್ರಾಂಬೆಯಲ್ಲಿಯೂ, ತರುವಾಯದ್ದು ಕಲ್ಪಾಕ್ಕಂನಲ್ಲಿಯೂ ಸ್ಥಾಪಿತವಾದುವು. ತಾರಾಪುರದ ಗಾಜು ಸೋಡಿಯಂ ಬೆರೆತ ಬೋರೋಸಿಲಿಕೇಟ್ ಜಾತಿಯದು. ಟ್ರಾಂಬೆಯ ಹಳೆಯ ತ್ಯಾಜ್ಯದಲ್ಲಿ ಗಂಧಕಾಮ್ಲದ ಲವಣಗಳು ಹೆಚ್ಚಾಗಿದ್ದು, ಅವು ಸಾಮಾನ್ಯ ಬೋರೋಸಿಲಿಕೇಟಿನಲ್ಲಿ ಕರಗದೆ ಕೆನೆಯಂತೆ ಮೇಲೆ ತೇಲುತ್ತಿದ್ದುದರಿಂದ, ಅಲ್ಲಿ ಬೇರಿಯಂ ಬೆರೆತ ಗಾಜನ್ನು ರೂಪಿಸಲಾಯಿತು. ಸಾವಿರ ಡಿಗ್ರಿಗೆ ಸಮೀಪವಾದ ಉಷ್ಣತೆಯಲ್ಲಿ ಕರಗಿದ ಗಾಜನ್ನು ತುಕ್ಕು ಹಿಡಿಯದ ಉಕ್ಕಿನ ಡಬ್ಬಿಗಳಲ್ಲಿ ಎರೆದು, ಬೆಸೆದು ಮುಚ್ಚಿ, ಗಾಳಿಯಿಂದ ತಂಪಾಗುವ ಕಟ್ಟಡದಲ್ಲಿ ಕೆಲವು ದಶಕಗಳ ಕಾಲ ಕಾದಿರಿಸುವುದು ಇಲ್ಲಿಯ ಕ್ರಮ. ಆಳದ ಬಂಡೆಯಲ್ಲಿ ಹೂಳುವ ಹಂತ ಅದರ ನಂತರದ್ದು.

ನಮ್ಮ ರಾಜ್ಯದ ಕೈಗಾದಲ್ಲಿ ೨೦೦೦ದಿಂದ ೨೦೧೧ರವರೆಗಿನ ಅವಧಿಯಲ್ಲಿ ತಲಾ ೨೨೦ ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳು ವಿದ್ಯುದುತ್ಪಾದನೆಗೆ ತೊಡಗಿದುವು. ಡಾ. ಶಿವರಾಮ ಕಾರಂತರು ಆ ಯೋಜನೆಯನ್ನು ವಿರೋಧಿಸಿ ೧೯೮೯ರಲ್ಲಿ ಲೋಕಸಭೆಯ ಚುನಾವಣೆಗೂ ನಿಂತರೆಂಬುದು ಬಲ್ಲವರಿಗೆ ತಿಳಿದದ್ದೇ. ಉರಿದ ಇಂಧನವನ್ನು ಮರುಸಂಸ್ಕರಿಸುವುದು ಭಾರತದ ನೀತಿಯಾಗಿರುವುದರಿಂದ, ಕೈಗಾದಂಥ ಸ್ಥಾವರಗಳು ಕೊಟ್ಟ ಬೆಳಕಿನ ಕೊನೆಯ ಶೇಷವೂ ಗಾಜಿನ ಗಟ್ಟಿಯಾಗಿಯೇ ಉಳಿಯಬೇಕಾಗಿದೆ.

೪

ಈ ಗಟ್ಟಿಯೊಳಗೆ ನಡೆಯುವುದೇನು? ಮೊದಲ ಕೆಲವು ನೂರು ವರ್ಷಗಳಲ್ಲಿ ಸೀಸಿಯಂ-೧೩೭, ಸ್ಟ್ರಾನ್ಷಿಯಂ-೯೦ ಇವುಗಳ ಬೀಟ ಮತ್ತು ಗ್ಯಾಮ ಕಿರಣಗಳದ್ದೇ ಪ್ರಾಬಲ್ಯ. ಎರಡರ ಅರ್ಧಾಯುವೂ ಸುಮಾರು ೩೦ ವರ್ಷ. ಈ ಕಿರಣಗಳು ಹೆಚ್ಚಾಗಿ ಎಲೆಕ್ಟ್ರಾನುಗಳನ್ನು ಕದಲಿಸುತ್ತವೆ. ಕ್ಯೂರಿ ದಂಪತಿಗಳು ಕಂಡ ಬಣ್ಣ ಇಂಥದೇ ಪರಿಣಾಮ. ಇವು ಕ್ಷೀಣಿಸಿದ ಮೇಲೆ ಅಮೆರಿಷಿಯಂ, ನೆಪ್ಚೂನಿಯಂ ಮುಂತಾದ ಭಾರಧಾತುಗಳ ಆಲ್ಫ ಕ್ಷಯವು ಮುಂದಾಗುತ್ತದೆ. ಅಮೆರಿಷಿಯಂ-೨೪೧ರ ಅರ್ಧಾಯು ೪೩೨ ವರ್ಷ. ನೆಪ್ಚೂನಿಯಂ-೨೩೭ರದು ಇಪ್ಪತ್ತು ಲಕ್ಷ ವರ್ಷಗಳಿಗೂ ಮಿಕ್ಕಿದುದು.

ಆಲ್ಫ ಕ್ಷಯದಲ್ಲಿ ಎರಡು ಕಣಗಳು ಹೊರಡುತ್ತವೆ. ಹಗುರಾದ ಆಲ್ಫ ಕಣವು ಗಾಜಿನಲ್ಲಿ ಸುಮಾರು ಇಪ್ಪತ್ತು ಮೈಕ್ರಾನ್ ದೂರ ಸಾಗಿ, ನೂರು-ಇನ್ನೂರು ಪರಮಾಣುಗಳನ್ನು ಮಾತ್ರ ಸ್ಥಾನದಿಂದ ತಳ್ಳುತ್ತದೆ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವಂತೆ, ಕಣವನ್ನು ಉಗುಳಿದ ಭಾರವಾದ ಪರಮಾಣುಬೀಜವು ಹಿಮ್ಮೆಟ್ಟುತ್ತದೆ. ಅದು ಸಾಗುವ ದೂರ ಒಂದು ಮೈಕ್ರಾನಿನ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಅಷ್ಟರಲ್ಲಿ ಅದು ಸಾವಿರಕ್ಕೂ ಮೇಲ್ಪಟ್ಟು ಪರಮಾಣುಗಳನ್ನು ಕೆಡವುತ್ತದೆ. ಗಾಜಿನ ರಚನೆಯನ್ನು ಮುಖ್ಯವಾಗಿ ಮಾರ್ಪಡಿಸುವುದು ಈ ಹಿಮ್ಮೆಟ್ಟುವ ಬೀಜವೇ.

ಸಾವಿರಾರು ವರ್ಷಗಳಲ್ಲಿ ಆಗಬೇಕಾದುದನ್ನು ಕೆಲವೇ ವರ್ಷಗಳಲ್ಲಿ ಕಾಣುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಯುಕ್ತಿಯೊಂದನ್ನು ಹೂಡಿದರು. ೧೮ ವರ್ಷದ ಅರ್ಧಾಯುವುಳ್ಳ ಕ್ಯೂರಿಯಂ-೨೪೪ ಅಥವಾ ೮೮ ವರ್ಷದ ಪ್ಲುಟೋನಿಯಂ-೨೩೮ನ್ನು ಗಾಜಿನಲ್ಲಿ ಬೆರೆಸಿದರೆ, ದೀರ್ಘಕಾಲದ ಆಲ್ಫ ಕ್ಷಯವೆಲ್ಲ ಅಲ್ಪಾವಧಿಯಲ್ಲಿ ಕೂಡಿಬರುತ್ತದೆ. ೧೯೭೦ರ ದಶಕದಿಂದ ಅಮೆರಿಕ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಇಂಥ ಪ್ರಯೋಗಗಳು ನಡೆದಿವೆ. ಫ್ರಾನ್ಸಿನಲ್ಲಿ ಕ್ಯೂರಿಯಂ ಬೆರೆಸಿದ ಗಾಜು ಗಾತ್ರದಲ್ಲಿ ನೂರಕ್ಕೆ ಅರ್ಧಾಂಶದಷ್ಟು ಉಬ್ಬಿತು. ಗಡಸುತನವು ಸುಮಾರು ಮೂರನೆಯ ಒಂದು ಪಾಲು ಕುಗ್ಗಿತು. ಆದರೆ ಬಿರುಕನ್ನು ತಡೆಯುವ ಶಕ್ತಿ ಹೆಚ್ಚಿತು. ರಾಮನ್ ರೋಹಿತವೂ ಇತರ ಪರೀಕ್ಷೆಗಳೂ ಒಳಗಿನ ಕಾರಣವನ್ನು ತೋರಿಸಿಕೊಟ್ಟುವು. ನಾಲ್ಕು ಆಮ್ಲಜನಕಗಳೊಡನೆ ಬೆಸೆದಿದ್ದ ಬೋರಾನಿನಲ್ಲಿ ಒಂದು ಭಾಗವು ಮೂರಕ್ಕೆ ಇಳಿದಿತ್ತು. ಸಿಲಿಕಾನಿನ ಜಾಲದಲ್ಲಿ ಮೂರು ಘಟಕಗಳ ಚಿಕ್ಕ ಬಳೆಗಳು ಹೆಚ್ಚಿದ್ದುವು. ಘಟಕಗಳ ನಡುವಣ ಕೋನಗಳು ಸ್ವಲ್ಪ ಬದಲಾಗಿದ್ದುವು.

ಈ ಲಕ್ಷಣಗಳೆಲ್ಲ ಅತಿವೇಗವಾಗಿ ತಣಿಸಿದ ಗಾಜಿನ ಲಕ್ಷಣಗಳೇ ಎಂಬುದು ಗಮನಾರ್ಹವಾದ ಸಂಗತಿ. ಬಳೆ ಮಾಡುವವರು ಗಾಜನ್ನು ನಿಧಾನವಾಗಿ ಆರಿಸುತ್ತಾರೆ. ಪರಮಾಣುಗಳಿಗೆ ಸರಿಯಾದ ಎಡೆ ಹುಡುಕಿಕೊಳ್ಳಲು ಆಗ ಅವಕಾಶವಾಗುತ್ತದೆ. ಹಿಮ್ಮೆಟ್ಟುವ ಬೀಜವು ಹಾದ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಪ್ರದೇಶವೊಂದು ಕರಗಿದಂತಾಗಿ, ಅರೆಕ್ಷಣದ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ ಕಾಲದಲ್ಲಿ ಹೆಪ್ಪುಗಟ್ಟುತ್ತದೆ. ಇಂಥ ಪ್ರದೇಶಗಳು ಒಂದರ ಮೇಲೊಂದು ಹರಡಿಕೊಂಡು ಇಡೀ ಗಾಜನ್ನು ಆವರಿಸಿದ ಮೇಲೆ, ಮುಂದಿನ ಪೆಟ್ಟುಗಳಿಂದ ಹೊಸ ಬದಲಾವಣೆ ಉಂಟಾಗುವುದಿಲ್ಲ. ಕಾಡುಗಲ್ಲಿನ ಗೋಡೆಯನ್ನು ಒಮ್ಮೆ ಕೆಡವಿ ಕಟ್ಟಿದರೆ ತುಸು ಸಡಿಲವಾದೀತು. ಹತ್ತು ಸಲ ಕೆಡವಿ ಕಟ್ಟಿದರೂ ಅದು ಕಾಡುಗಲ್ಲಿನ ಗೋಡೆಯೇ. ಪ್ರತಿ ಗ್ರಾಂ ಗಾಜಿನಲ್ಲಿ ಕೆಲವು ಕೋಟಿ ಕೋಟಿ ಕೋಟಿಗಳ ಲೆಕ್ಕದ ಕ್ಷಯಗಳಲ್ಲ, ಅದರ ಸಾವಿರದೊಂದು ಪಾಲಿನಷ್ಟು ಕ್ಷಯಗಳಾಗುವಷ್ಟರಲ್ಲಿಯೇ ಈ ನೆಲೆ ಮುಟ್ಟಿರುವುದು ಕಂಡುಬಂದಿದೆ. ಆಲ್ಫ ಕಣವು ತನ್ನ ದಾರಿಯಲ್ಲಿ ಬಿಡುವ ಶಕ್ತಿಯು, ಬೀಜವು ಮಾಡಿದ ಕೇಡನ್ನು ಭಾಗಶಃ ಸರಿಪಡಿಸುತ್ತದೆಂಬುದೂ ತಿಳಿದುಬಂದಿದೆ. ಇದಕ್ಕೆ ಪ್ರತಿಯಾಗಿ, ಜಿರ್ಕಾನ್‌ನಂಥ ಸ್ಫಟಿಕಗಳು ತಮ್ಮೊಳಗಿನ ಯುರೇನಿಯಮ್ಮಿನ ವಿಕಿರಣದಿಂದ ಕಾಲಾಂತರದಲ್ಲಿ ಸಾಲು ಕಳೆದುಕೊಂಡು ಗಾಜಿನಂತಾಗುತ್ತವೆ. ಕ್ರಮವುಳ್ಳದ್ದಕ್ಕೆ ಕ್ರಮಭಂಗದ ಭಯ ಹೆಚ್ಚು; ಗಾಜಿಗೆ ಆ ಭಯ ಕಡಿಮೆ.

ಮತ್ತೊಂದು ಆತಂಕವಿತ್ತು. ಬ್ರಿಟನ್ನಿನ ವಿಂಡ್‌ಸ್ಕೇಲಿನಲ್ಲಿ ೧೯೫೭ರ ಅಕ್ಟೋಬರಿನಲ್ಲಿ ಸಂಭವಿಸಿದ ಬೆಂಕಿಗೆ, ವಿಕಿರಣದಿಂದ ಗ್ರಾಫೈಟಿನಲ್ಲಿ ಕೂಡಿಕೊಂಡಿದ್ದ ಶಕ್ತಿಯನ್ನು ಬಿಡುಗಡೆ ಮಾಡಲು ನಡೆಸಿದ ಕಾರ್ಯವು ಹಿನ್ನೆಲೆಯಾಗಿತ್ತು. ಗಾಜಿನಲ್ಲಿಯೂ ಹಾಗಾದೀತೆ? ಅಳೆದು ನೋಡಿದಾಗ ಗಾಜಿನಲ್ಲಿ ಕೂಡುವ ಶಕ್ತಿ ಗ್ರಾಂಗೆ ೧೦೦ ಜೂಲಿನ ಆಸುಪಾಸಿನಲ್ಲಿ ನಿಲ್ಲುತ್ತದೆಂದು ತಿಳಿಯಿತು. ಅದೆಲ್ಲ ಒಮ್ಮೆಗೇ ಹೊರಬಿದ್ದರೂ ಉಷ್ಣತೆಯು ನೂರು ಡಿಗ್ರಿಯ ಸುಮಾರಿಗೆ ಏರೀತು; ಗಾಜನ್ನು ಕರಗಿಸುವಷ್ಟು ಏರದು.

೫

ಮೇಲಿನ ಫಲಿತಾಂಶಗಳು ಸಮಾಧಾನಕರವಾದುವು. ಆದರೆ ಇತಿಹಾಸಕಾರನು ಸಾಕ್ಷ್ಯವನ್ನು ಮಾತ್ರವಲ್ಲದೆ ಸಾಕ್ಷಿಯ ಇತಿಮಿತಿಯನ್ನೂ ವಿಚಾರಿಸಬೇಕು. ಕ್ಯೂರಿಯಂ ಬೆರೆತ ಗಾಜು ವಿಕಿರಣವನ್ನು ಉಂಡಿದೆ, ಕಾಲವನ್ನು ಕಂಡಿಲ್ಲ. ಸಾವಿರಾರು ವರ್ಷಗಳ ಪೆಟ್ಟುಗಳನ್ನು ಕೆಲವು ವರ್ಷಗಳಲ್ಲಿ ಕೊಟ್ಟಾಗ, ನಿಧಾನವಾಗಿ ಆಗಬೇಕಾದ ಮಾಗುವಿಕೆಗೆ ಎಡೆಯಿರುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ತೀವ್ರವಾದ ಕಿರಣಕ್ಕೆ ಗುರಿಯಾದ ಗಾಜಿನಲ್ಲಿ ಆಮ್ಲಜನಕದ ಗುಳ್ಳೆಗಳು ಕಂಡುಬಂದಾಗ, ಅವು ತ್ಯಾಜ್ಯದ ಗಾಜಿನಲ್ಲಿಯೂ ಏಳುವುವೆ ಅಥವಾ ಪ್ರಯೋಗದ ವೇಗದಿಂದಲೇ ಹುಟ್ಟಿದುವೆ ಎಂದು ಬಹಳ ಚರ್ಚೆ ನಡೆದುದು ಈ ಕಾರಣದಿಂದಲೇ.

ಕಾಲವನ್ನು ಕಂಡ ಗಾಜೂ ಉಂಟು. ನಿಪ್ಪಾಣಿಗೆ ಸಮೀಪದ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬದಲ್ಲಿ ೧೯೪೫-೪೬ರಲ್ಲಿ ಹ. ಧೀ. ಸಾಂಕಳಿಯಾ ಮತ್ತು ಮೋ. ಗಂ. ದೀಕ್ಷಿತರು ನಡೆಸಿದ ಉತ್ಖನನದಲ್ಲಿ ಬಹಮನೀ ಕಾಲದ ಗಾಜಿನ ಬಳೆಗಳ ಚೂರುಗಳು ವಿಪುಲವಾಗಿ ದೊರೆತುವು. ಫ್ರಾನ್ಸಿನ ಎಂಬಿಯೆ ದ್ವೀಪದ ಬಳಿ ಮುಳುಗಿದ ರೋಮನ್ ಹಡಗೊಂದರ ಗಾಜು, ಸುಮಾರು ೧೮೦೦ ವರ್ಷ ಸಮುದ್ರದಲ್ಲಿದ್ದು, ಬಿರುಕುಗಳ ಗುಂಟ ಮಾತ್ರ ಸವೆದಿರುವುದನ್ನು ಅಣುತ್ಯಾಜ್ಯದ ತಜ್ಞರೇ ಅಭ್ಯಸಿಸಿದ್ದಾರೆ. ಈ ಗಾಜುಗಳು ಮಣ್ಣನ್ನೂ ನೀರನ್ನೂ ತಾಳಿದುದಕ್ಕೆ ಸಾಕ್ಷಿ. ಆದರೆ ಒಳಗಿನ ವಿಕಿರಣವನ್ನು ಅವು ಅರಿಯವು.

ಇನ್ನೂ ಹಿಂದಕ್ಕೆ ಹೋಗಬಹುದು. ತೆಲಸಂಗ, ಅಥಣಿ, ಕಾಗವಾಡಗಳ ನೆಲದಡಿಯಲ್ಲಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿಹರಿದ ಲಾವಾರಸದಿಂದಾದ ದಖನ್ನಿನ ಕಪ್ಪುಶಿಲೆ. ಇಂಥ ಲಾವಾ ಬೇಗ ತಣಿದ ಕಡೆಗಳಲ್ಲಿ ಗಾಜಾಗುತ್ತದೆ. ಆ ಗಾಜು ನೀರಿನ ಸಂಪರ್ಕದಲ್ಲಿ ಮೆಲ್ಲಮೆಲ್ಲನೆ ಜೇಡಿಯಾಗಿ ಮಾರ್ಪಡುತ್ತದೆ. ಈ ಸೀಮೆಯ ರೈತನು ಜೋಳ ಬಿತ್ತುವ ಎರೆಮಣ್ಣು, ಕಪ್ಪುಶಿಲೆಯು ಗಾಳಿನೀರುಗಳಿಗೆ ಸೋತು ಜೇಡಿಯಾದುದರ ಫಲವೇ. ಗಾಜು ಅಜರಾಮರವಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಆದರೆ ಅದು ಸವೆಯಲು ನೀರು ಬೇಕು. ಮತ್ತು ಸವೆಯುವಾಗ ಅದರ ಮೈಮೇಲೆ ಕಟ್ಟಿಕೊಳ್ಳುವ ಪೊರೆಯು ಮುಂದಿನ ಸವೆತವನ್ನು ತಡೆಯುತ್ತದೆ.

ಹೀಗೆ ಒಂದು ಸಾಕ್ಷಿಯು ವಿಕಿರಣವನ್ನು, ಮತ್ತೊಂದು ಕಾಲವನ್ನು ಬಲ್ಲುದು. ಎರಡನ್ನೂ ಕೂಡಿ ಬಲ್ಲ ಸಾಕ್ಷಿ ದೊರೆಯುವಂತಿಲ್ಲ. ಎರಡೂ ಸಂಧಿಸುವ ಪ್ರಶ್ನೆಯೆಂದರೆ, ವಿಕಿರಣದಿಂದ ಸಡಿಲವಾದ ಜಾಲವು ನೀರಿಗೆ ಬೇಗ ಸೋಲುತ್ತದೆಯೆ ಎಂಬುದು. ಹಿಂದಿನ ಪ್ರಯೋಗಗಳಲ್ಲಿ ಹೆಚ್ಚಿನವು ಗಣನೀಯ ವ್ಯತ್ಯಾಸವಿಲ್ಲವೆಂದೇ ತಿಳಿಸಿದುವು. ಈಚಿನ ಕೆಲವು ಪ್ರಯೋಗಗಳಲ್ಲಿಯಾದರೋ, ಭಾರವಾದ ಅಯಾನುಗಳಿಂದ ತಾಡಿತವಾದ ಗಾಜು, ತಾಡಿತವಾಗದ ಗಾಜಿಗಿಂತ ನೀರಿನಲ್ಲಿ ಹೆಚ್ಚು ಸವೆದುದು ಕಂಡುಬಂದಿದೆ. ಆದುದರಿಂದ 'ರಚನೆ ಸ್ಥಿರಗೊಂಡಿತು' ಎಂಬ ಮಾತಿಗೂ 'ಗಾಜು ಸುರಕ್ಷಿತ' ಎಂಬ ಮಾತಿಗೂ ನಡುವೆ ವಿಚಾರಣೆಗೆ ಇನ್ನೂ ಎಡೆಯುಂಟೆಂದು ಒಪ್ಪಬೇಕಾಗುತ್ತದೆ.

೬

ಈ ಸಮೀಕ್ಷೆಯಿಂದ ಹೊರಡುವ ನಿರ್ಣಯವು ಇಷ್ಟು: ವಿಕಿರಣವು ಗಾಜಿನ ರಚನೆಯನ್ನು ಮಾರ್ಪಡಿಸುವುದು ನಿಜ, ಆ ಮಾರ್ಪಾಟಿಗೆ ಒಂದು ಎಲ್ಲೆಯಿರುವುದೂ ನಿಜ, ಎಲ್ಲೆ ಇರುವುದಕ್ಕೆ ಗಾಜಿನ ಹುಟ್ಟುಗುಣವಾದ ಅಕ್ರಮವೇ ಕಾರಣ. ೧೮೯೯ರ ನೇರಳೆ ಬಣ್ಣದಿಂದ ಹಿಡಿದು ಬೋರಾನಿನ ಮೂರು-ನಾಲ್ಕುಗಳ ಭೇದದವರೆಗೆ, ಈ ಅರಿವು ಬೆಳೆಯಲು ನೂರಕ್ಕೂ ಹೆಚ್ಚು ವರ್ಷಗಳು ಹಿಡಿದುವು. ಅದರ ಒಂದು ಎಳೆ ಬೆಂಗಳೂರಿನಲ್ಲಿಯೂ, ಒಂದು ಎಳೆ ಕೋಲಾರದ ಗಣಿಯ ಆಳದಲ್ಲಿಯೂ ಇದೆ.

ಗಾಜನ್ನೊಂದೇ ನೆಚ್ಚಿ ಕೂರುವ ಯೋಜನೆಯನ್ನು ಬಲ್ಲವರು ಯಾರೂ ಮುಂದಿಡುವುದಿಲ್ಲ. ಗಾಜು, ಅದರ ಸುತ್ತ ಉಕ್ಕು, ಉಕ್ಕಿನ ಸುತ್ತ ಜೇಡಿ, ಅದರ ಸುತ್ತ ನೀರಿಲ್ಲದ ಬಂಡೆ ಎಂಬ ಹಲವು ಆವರಣಗಳ ಕಲ್ಪನೆಯು, ಮೇಲೆ ಹೇಳಿದ ಸಂಶಯಗಳನ್ನು ಒಪ್ಪಿಕೊಂಡುದರಿಂದಲೇ ಹುಟ್ಟಿದುದು. ೨೦೧೨ರಲ್ಲಿ ಕೋಲಾರದ ಜನರಿಗೆ ದೊರೆತದ್ದು 'ಯೋಜನೆಯಿಲ್ಲ' ಎಂಬ ಉತ್ತರ. ಅದು ಆ ದಿನದ ಕಳವಳಕ್ಕೆ ಸಾಕಾಯಿತು. ಆದರೆ ತಾರಾಪುರದಲ್ಲಿ ಕಾದಿರಿಸಿದ ಡಬ್ಬಿಗಳು ಎಂದಾದರೊಂದು ದಿನ ಯಾವುದಾದರೊಂದು ಊರಿನ ನೆಲದಡಿಗೆ ಹೋಗಲೇಬೇಕು. ಆಗ ಆ ಊರಿನವರು ಕೇಳುವ ಪ್ರಶ್ನೆಗೆ, ಗಾಜಿನ ವಿಷಯದಲ್ಲಿ ತಿಳಿದುದೆಷ್ಟು, ಯಾವ ಸಾಕ್ಷಿಯಿಂದ ತಿಳಿದುದು, ಇನ್ನೂ ತಿಳಿಯಬೇಕಾದುದೇನು ಎಂಬುದನ್ನು ಅವರ ನುಡಿಯಲ್ಲಿಯೇ ಬಿಡಿಸಿ ಹೇಳಬಲ್ಲವರು ಬೇಕಾಗುತ್ತಾರೆ. ಅಂಥವರನ್ನು ಸಿದ್ಧಪಡಿಸುವುದು ನಮ್ಮ ಕಾಲೇಜುಗಳ ವಿಜ್ಞಾನ ಮತ್ತು ಇತಿಹಾಸ ವಿಭಾಗಗಳೆರಡರ ಕರ್ತವ್ಯವೂ ಆಗಿದೆ.